ಕೀಬೋರ್ಡ್ ಮುಂದಿನ ಸ್ಟೂಲು

ದೃಢೀಕರಣ ಅಂದರೆ ಕ್ರೈಸ್ತ ಮನೆಯ ಮಕ್ಕಳು ನಂಬಿಕೆಯ ಪ್ರಶ್ನೆಗಳಿಗೆ ತಾವೇ ಉತ್ತರ ಕೊಟ್ಟು ಚರ್ಚಿನ ಸದಸ್ಯರಾಗುವ ವಿಧಿ. ನನ್ನ ದೃಢೀಕರಣದ ದಿನದ್ದು ಈಗ ನೆನಪಿರುವುದು ಮೂರೇ ಸಂಗತಿ. ಹೊಸ ಬಿಳಿ ಶರ್ಟಿನ ಕಾಲರ್ ಕುತ್ತಿಗೆಗೆ ಉಜ್ಜುತ್ತಿದ್ದದ್ದು, ತಲೆ ಮೇಲೆ ಬಿಷಪ್ ಇಟ್ಟ ಕೈ ತುಂಬಾ ಭಾರ ಅನ್ನಿಸಿದ್ದು, ಆಮೇಲೆ ಚರ್ಚಿನ ಹಿಂದೆ ಶಾಮಿಯಾನದಲ್ಲಿ ಬಡಿಸಿದ ಬಿರಿಯಾನಿ. ಅವತ್ತು ಕೇಳಿದ ಪ್ರಶ್ನೆಗಳು ಯಾವುವು ಅಂದರೆ ಹೇಳಲಾರೆ. ಉತ್ತರ ಮಾತ್ರ ಚೆನ್ನಾಗಿ ಗೊತ್ತು. ಎಲ್ಲದಕ್ಕೂ ‘ಹೌದು’. ಆರು ವಾರ ಶನಿವಾರ ಸಂಜೆ ಕ್ಲಾಸ್ ಮಾಡಿ ನಮಗೆ ಕಲಿಸಿದ್ದು ಅದನ್ನೇ. ಹದಿನೇಳು ಮಕ್ಕಳು ಸಾಲಾಗಿ ನಿಂತು, ಮಗ್ಗಿ ಒಪ್ಪಿಸಿದ ಹಾಗೆ, ಒಂದೇ ಉಸಿರಿಗೆ ಹೌದು ಹೌದು ಅಂದು ಮುಗಿಸಿದೆವು. ನಮ್ಮಲ್ಲೊಬ್ಬ ಪ್ರಶ್ನೆ ಮುಗಿಯುವ ಮೊದಲೇ ಹೌದು ಅಂದುಬಿಟ್ಟ. ಇಡೀ ಸಭೆ ನಕ್ಕಿತು, ಬಿಷಪ್ ಕೂಡ.

ಅದಕ್ಕೇ ಇರಬೇಕು, 2019ರಲ್ಲಿ ಅಮೆರಿಕದ ಎಂಟು ಮಕ್ಕಳ ಸುದ್ದಿ ಓದಿದಾಗ ನಾನು ಅದನ್ನು ಎರಡು ಸಲ ಓದಿದೆ.

ನೆಬ್ರಾಸ್ಕಾ ರಾಜ್ಯದ ಒಮಾಹಾ ಅನ್ನುವ ಊರು. ಅಲ್ಲಿನ ಫಸ್ಟ್ ಯುನೈಟೆಡ್ ಮೆಥಡಿಸ್ಟ್ ಚರ್ಚ್. ಏಪ್ರಿಲ್ ಕೊನೆಯ ಭಾನುವಾರ, ದೃಢೀಕರಣದ ದಿನ. ಹದಿಮೂರು ಹದಿನಾಲ್ಕು ವಯಸ್ಸಿನ ಎಂಟು ಮಕ್ಕಳು ಕ್ಲಾಸ್ ಪೂರ್ತಿ ಮುಗಿಸಿದ್ದರು. ಮುಂದೆ ಬಂದು ನಿಂತು ಅವರು ಹೌದು ಅನ್ನಲಿಲ್ಲ. ತಾವೇ ಬರೆದ ಒಂದು ಪತ್ರ ಓದಿದರು. ಈ ಸಭೆ, ಅಂದರೆ ನಮ್ಮ ಊರಿನ ಚರ್ಚಿನ ಜನ, ನಮಗೆ ಇಷ್ಟ, ನಮ್ಮನ್ನು ಬೆಳೆಸಿದ್ದೇ ಇದು, ಆದರೆ ಗೇ ಮತ್ತು ಲೆಸ್ಬಿಯನ್ ಜನರನ್ನು ಪಾದ್ರಿ ಮಾಡಬಾರದು, ಅವರ ಮದುವೆ ಮಾಡಿಸಬಾರದು ಅಂತ ನಮ್ಮ ದೊಡ್ಡ ಚರ್ಚು ಇಟ್ಟುಕೊಂಡಿರುವ ಕಾನೂನು ತಪ್ಪು, ಈಗ ಸದಸ್ಯರಾದರೆ ಅದನ್ನು ಒಪ್ಪಿದ ಹಾಗೆ ಆಗುತ್ತದೆ, ಆದ್ದರಿಂದ ಸದ್ಯಕ್ಕೆ ಸೇರುವುದಿಲ್ಲ. ಪತ್ರದ ಸಾರ ಇಷ್ಟು. ಎಂಟಕ್ಕೆ ಎಂಟೂ ಮಕ್ಕಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇದನ್ನು ನಮ್ಮ ಚರ್ಚಿನ ಹಳೆಯ ಗೆಳೆಯನಿಗೆ ಹೇಳಿದೆ. ‘ಸಭೆಯವರೇ ಚಪ್ಪಾಳೆ ತಟ್ಟಿದ ಮೇಲೆ ಅದರಲ್ಲಿ ಧೈರ್ಯ ಏನು ಬಂತು?’ ಅಂದ. ಮಾತು ಪೂರ್ತಿ ತಪ್ಪಲ್ಲ. ಆದರೆ ಆ ಚಪ್ಪಾಳೆ ಅಲ್ಲಿಗೆ ಹೇಗೆ ಬಂತು ಅನ್ನೋದೇ ದೊಡ್ಡ ಕಥೆ.

ಯುನೈಟೆಡ್ ಮೆಥಡಿಸ್ಟ್ ಅನ್ನುವ ಆ ದೊಡ್ಡ ಚರ್ಚಿನಲ್ಲಿ ಸಾವಿರಾರು ಊರುಗಳ ಸಭೆಗಳಿವೆ, ಅವುಗಳ ಪ್ರತಿನಿಧಿಗಳು ನಾಲ್ಕು ವರ್ಷಕ್ಕೊಮ್ಮೆ ಮಹಾಸಭೆ ಸೇರಿ ಕಾನೂನು ಮಾಡುತ್ತಾರೆ. 1972ರಲ್ಲಿ ಒಂದು ಸಾಲು ಒಳಗೆ ಬಂತು, ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಅಂತ. ಆ ಸಾಲಿಗೆ ಬಾಲ ಬೆಳೆಯುತ್ತಾ ಹೋಯಿತು. 1984ರಲ್ಲಿ ದೀಕ್ಷೆಗೆ, ಅಂದರೆ ಪಾದ್ರಿ ಆಗುವುದಕ್ಕೆ, ತಡೆ, 1996ರಲ್ಲಿ ಮದುವೆಗೆ ತಡೆ. ಮುಂದಿನ ವರ್ಷ ಇದೇ ಒಮಾಹಾ ಚರ್ಚಿನ ಪಾದ್ರಿ ಜಿಮ್ಮಿ ಕ್ರೀಚ್ ಇಬ್ಬರು ಹೆಂಗಸರಿಗೆ ಮದುವೆಯಂಥದ್ದೇ ಒಡಂಬಡಿಕೆಯ ವಿಧಿ ನಡೆಸಿಕೊಟ್ಟರು. ಚರ್ಚು ಅವರ ಮೇಲೆ ವಿಚಾರಣೆ ನಡೆಸಿತು, ಜ್ಯೂರಿಯಲ್ಲಿ ಹದಿಮೂರು ಪಾದ್ರಿಗಳು. ತಪ್ಪಿತಸ್ಥ ಅನ್ನಲು ಒಂಬತ್ತು ಓಟು ಬೇಕಿತ್ತು, ಎಂಟು ಬಿತ್ತು. ಒಂದೇ ಒಂದು ಓಟಿನಲ್ಲಿ ಪಾರಾದರು. ಪಾರಾದರೂ ಒಮಾಹಾಗೆ ವಾಪಸ್ ಹೋಗಲಾಗಲಿಲ್ಲ. 1999ರಲ್ಲಿ ಇಬ್ಬರು ಗಂಡಸರಿಗೆ ಅಂಥದೇ ವಿಧಿ ನಡೆಸಿದ್ದಕ್ಕೆ ಎರಡನೇ ವಿಚಾರಣೆ ಆಯಿತು. ಆ ಸಲ ಪಾದ್ರಿ ಪಟ್ಟವೇ ಹೋಯಿತು.

2019ರ ಮಕ್ಕಳು ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಅವರು ಸಂಡೇ ಸ್ಕೂಲಿಗೆ ಹೋಗಿದ್ದು ಆ ಜಗಳ ನಡೆದ ಕಟ್ಟಡಕ್ಕೆ, ಆ ಜಗಳದ ಗಾಯ ಇನ್ನೂ ನೆನಪಿದ್ದ ಸಭೆಗೆ. ನಮ್ಮ ಕಡೆ ಮುದುಕರು ಬರಗಾಲದ ಕಥೆ ಹೇಳೋ ಹಾಗೆ ಅಲ್ಲಿ ಇದನ್ನು ಹೇಳಿರಬೇಕು ಅಂತ ನನ್ನ ಊಹೆ. ಮಕ್ಕಳು ದಿಢೀರ್ ಅಂತ ಧೀರರಾಗುವುದಿಲ್ಲ. ಹಿಂದೆ ಯಾರೋ ಬೆಲೆ ತೆತ್ತಿರುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಈ ದಾರಿ ನಾಗಪುರಕ್ಕೆ ಬರುತ್ತದೆ. ತಮಾಷೆ ಅಲ್ಲ. ಜೇಮ್ಸ್ ಲಾಸನ್ ಅಂತ ಒಬ್ಬ ಕಪ್ಪು ಮೆಥಡಿಸ್ಟ್ ಯುವಕ. ಕೊರಿಯಾ ಯುದ್ಧಕ್ಕೆ ಹೋಗಲ್ಲ ಅಂದು ಜೈಲು ಸೇರಿದವರು. ಹೊರಗೆ ಬಂದ ಮೇಲೆ ಮಿಷನರಿಯಾಗಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. 1953ರಿಂದ 1956ರವರೆಗೆ ಅಲ್ಲಿದ್ದರು. ಹುಡುಗರಿಗೆ ಆಟ ಕಲಿಸುತ್ತಾ ಗಾಂಧಿಯ ಸತ್ಯಾಗ್ರಹ ಓದಿದರು, ಗಾಂಧಿ ಜೊತೆ ಓಡಾಡಿದವರ ಹತ್ತಿರ ಕೂತು ಕೇಳಿ ತಿಳಿದುಕೊಂಡರು. ಅಮೆರಿಕದ ಮಾಂಟ್‌ಗೊಮರಿ ಊರಿನಲ್ಲಿ ಬಿಳಿಯರಿಗೆ ಬೇರೆ ಸೀಟು ಇಡುವುದನ್ನು ವಿರೋಧಿಸಿ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟಿದ್ದಾರೆ ಅನ್ನೋ ಸುದ್ದಿಯನ್ನೂ ಅವರು ಮೊದಲು ಓದಿದ್ದು ನಾಗಪುರದ ಪತ್ರಿಕೆಯಲ್ಲಿ.

ವಾಪಸ್ ಹೋಗಿ ನ್ಯಾಶ್‌ವಿಲ್ ನಗರದಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಸೇರಿಸಿದರು. ಆಮೇಲೆ ಕಪ್ಪು ಜನರ ಹಕ್ಕಿನ ಹೋರಾಟದ ಮುಂದಾಳುಗಳಾದ ಜಾನ್ ಲೂಯಿಸ್, ಡಯಾನ್ ನ್ಯಾಶ್ ಎಲ್ಲ ಆ ಗುಂಪಿನವರು. ಚರ್ಚಿನಲ್ಲೇ ತರಬೇತಿ. ತರಬೇತಿ ಅಂದರೆ ಭಾಷಣ ಅಲ್ಲ. ಒಬ್ಬ ಕುರ್ಚಿಯಲ್ಲಿ ಕೂರಬೇಕು. ಉಳಿದವರು ಸುತ್ತ ನಿಂತು ಬಾಯಿಗೆ ಬಂದ ಹಾಗೆ ಬೈಯಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು, ಕುರ್ಚಿಯಿಂದ ಎಳೆದು ಹಾಕಬೇಕು. ಕೂತವನು ಕೈ ಎತ್ತಬಾರದು, ತಿರುಗಿ ಬೈಯಬಾರದು, ಓಡಲೂಬಾರದು. ತಿಂಗಳುಗಟ್ಟಲೆ ಇದೇ. 1960ರ ಫೆಬ್ರವರಿಯಲ್ಲಿ ಅವರು ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಅಂಗಡಿಗಳಲ್ಲಿ ಹೋಗಿ ಕೂತರು. ಜೇಬಿನಲ್ಲಿ ನಿಯಮಗಳ ಚೀಟಿ. ತಿರುಗಿ ಹೊಡೆಯಬೇಡ, ನೆಟ್ಟಗೆ ಕೂರು, ಮುಖ ಕೌಂಟರ್ ಕಡೆಗೇ ಇರಲಿ. ಹೀಗೆ. ಮೇ 10ರಂದು ಆ ಊರಿನ ಆರು ಅಂಗಡಿಗಳು ಎಲ್ಲರಿಗೂ ಊಟ ಕೊಡಲು ಶುರು ಮಾಡಿದವು.

ಸರಿಯಾಗಿ ನಲವತ್ತು ವರ್ಷ ಆದ ಮೇಲೆ, 2000ದ ಮೇ 10ರಂದು, ಕ್ಲೀವ್‌ಲ್ಯಾಂಡಿನಲ್ಲಿ ಮೆಥಡಿಸ್ಟ್ ಮಹಾಸಭೆ ನಡೆಯುತ್ತಿದ್ದ ಕಟ್ಟಡದ ಹೊರಗೆ 191 ಜನ ಬಂಧನಕ್ಕೊಳಗಾದರು. ಸಲಿಂಗಿಗಳನ್ನು ಹೊರಗಿಡುವ ಕಾನೂನು ತೆಗೆಯಿರಿ ಅಂತ ಶಾಂತವಾಗಿ ದಾರಿಗೆ ಅಡ್ಡ ನಿಂತಿದ್ದರು. ಆ ಪ್ರತಿಭಟನೆಯಲ್ಲಿ ಎಪ್ಪತ್ತು ದಾಟಿದ ಜೇಮ್ಸ್ ಲಾಸನ್ ಇದ್ದರು. ಗಾಂಧಿಯ ಮೊಮ್ಮಗ ಅರುಣ್ ಗಾಂಧಿಯೂ ಇದ್ದರು. ಅದನ್ನು ಕಟ್ಟಿದ ಸಂಘಟನೆಯ ಹೆಸರು ‘ಸೋಲ್‌ಫೋರ್ಸ್’, ಅಂದರೆ ಆತ್ಮಬಲ. ಸತ್ಯಾಗ್ರಹಕ್ಕೆ ಗಾಂಧಿ ಇಂಗ್ಲಿಷಿನಲ್ಲಿ ಬಳಸಿದ ಪದವೇ ಅದು. ಕಟ್ಟಿದವರು ಮೆಲ್ ವೈಟ್. ಒಂದು ಕಾಲಕ್ಕೆ ದೊಡ್ಡ ದೊಡ್ಡ ಸಂಪ್ರದಾಯವಾದಿ ಬೋಧಕರಿಗೆ ಪುಸ್ತಕ ಬರೆದುಕೊಡುತ್ತಿದ್ದವರು, ತಾವೇ ಗೇ ಅಂತ ಆಮೇಲೆ ಬಹಿರಂಗವಾಗಿ ಹೇಳಿಕೊಂಡವರು. 2006ರಲ್ಲಿ ಅದೇ ಸಂಘಟನೆಯ ಮೂವತ್ತಕ್ಕೂ ಹೆಚ್ಚು ಯುವಜನರು ಬಸ್ ಹತ್ತಿದರು. ‘ಈಕ್ವಾಲಿಟಿ ರೈಡ್’ ಅಂತ ಹೆಸರು. ಗೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದ ಕ್ರೈಸ್ತ ಕಾಲೇಜುಗಳಿಗೆ ಒಂದಾದ ಮೇಲೊಂದು ಹೋಗಿ, ‘ಬನ್ನಿ ಮಾತಾಡೋಣ’ ಅನ್ನೋದು ಅವರ ಕೆಲಸ. ಮೊದಲೇ ಪತ್ರ ಬರೆದು ಹೇಳಿ ಹೋಗುತ್ತಿದ್ದರು. ಕೆಲವು ಕಡೆ ಕೂರಿಸಿ ಮಾತಾಡಿಸಿದರು. ಕೆಲವು ಕಡೆ ಗೇಟಿನಲ್ಲೇ ಪೊಲೀಸರು ಕಾಯುತ್ತಿದ್ದರು.

ಇದನ್ನೆಲ್ಲ ಇಷ್ಟು ಉದ್ದ ಹೇಳುತ್ತಿರುವುದಕ್ಕೆ ಕಾರಣ ಇದೆ. ನಮ್ಮಲ್ಲಿ ‘ಯುವಜನರನ್ನು ತೊಡಗಿಸಿಕೊಳ್ಳಬೇಕು’ ಅಂತ ಪ್ರತಿ ವಾರ್ಷಿಕ ಸಭೆಯಲ್ಲೂ ಹೇಳುತ್ತಾರೆ. ತೊಡಗಿಸಿಕೊಳ್ಳೋದು ಅಂದರೆ ಏನು? ಕುರ್ಚಿ ಜೋಡಿಸೋದು, ಕ್ರಿಸ್‌ಮಸ್ ನಕ್ಷತ್ರ ಕಟ್ಟೋದು, ಕ್ಯಾರಲ್ಸ್‌ಗೆ ಗಿಟಾರ್ ಹೊತ್ತು ಮನೆ ಮನೆ ಸುತ್ತೋದು, ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ ಹರಾಜು ಕೂಗೋದು. ನಾನೂ ಕೂಗಿದ್ದೇನೆ, ಮಜಾ ಇರುತ್ತೆ. ಆದರೆ ಮೂರು ಜನರ ಕಮಿಟಿ ರೂಮಿಗೆ ಯುವಜನರನ್ನು ಯಾರೂ ಕರೆಯುವುದಿಲ್ಲ. ಅಲ್ಲಿಗೆ ಹೋಗುವುದು ಟೀ ತಟ್ಟೆ ಹಿಡಿದುಕೊಂಡು ಮಾತ್ರ.

ನಾನು ಹಾಗೆ ಟೀ ತಟ್ಟೆ ಹಿಡಿದು ಹೋದ ದಿನವೇ ಆ ಮಾತು ಕೇಳಿಸಿಕೊಂಡಿದ್ದು.

ನಮ್ಮ ಸಭೆಯಲ್ಲಿ ಒಬ್ಬ ಕೀಬೋರ್ಡ್ ನುಡಿಸುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು. ಹೆಸರು ಬೇಡ. ಒಮ್ಮೆ ಕೇಳಿದ ಹಾಡನ್ನು ಹಾಗೇ ನುಡಿಸುತ್ತಿದ್ದ. ಯಾರಾದರೂ ಮುದುಕರು ಎತ್ತರಕ್ಕೆ ಹಾಡು ಹಿಡಿದರೆ ಕಣ್ಣಲ್ಲೇ ಸನ್ನೆ ಮಾಡಿ, ಮುಂದಿನ ಚರಣಕ್ಕೆ ಶ್ರುತಿ ಇಳಿಸಿ ಅವರನ್ನು ಕಾಪಾಡುತ್ತಿದ್ದ. ಅವನ ಮೊಬೈಲಿನಲ್ಲಿ ಯಾರೋ ಏನೋ ನೋಡಿದರಂತೆ. ಬೇರೆ ಊರಿನ ಒಬ್ಬ ಹುಡುಗನಿಗೆ ಬರೆದ ಮೆಸೇಜುಗಳು. ಅಷ್ಟೇ. ಎರಡೇ ವಾರದಲ್ಲಿ ಸುದ್ದಿ ಹೆಂಗಸರ ಸಂಘದಿಂದ ಹಿಡಿದು ಗಾಯನ ತಂಡದವರೆಗೆ ಹಬ್ಬಿತು.

ಕಮಿಟಿಯಲ್ಲಿ ಯಾರೂ ಕೂಗಾಡಲಿಲ್ಲ. ಯಾರೂ ಸತ್ಯವೇದ ತೆಗೆದು ವಚನ ಓದಲೂ ಇಲ್ಲ. ಒಬ್ಬರು ಬಿಸ್ಕತ್ತನ್ನು ಟೀಗೆ ಅದ್ದುತ್ತಾ ಹೇಳಿದರು: ‘ಸ್ವಲ್ಪ ದಿನ ಕೀಬೋರ್ಡ್ ಬೇರೆ ಯಾರಾದರೂ ನುಡಿಸಲಿ.’ ಇನ್ನೊಬ್ಬರು ನನ್ನ ಕಡೆ ತಿರುಗಿದರು. ‘ನಿನಗೂ ಬರುತ್ತಲ್ವಾ?’

ನನಗೆ ಬರುತ್ತಿದ್ದದ್ದು ಮೂರೇ ಕಾರ್ಡ್. ಸಿ, ಎಫ್, ಜಿ. ಹೌದು ಅಂದೆ. ಹೌದು ಅನ್ನೋದು ಕಲಿಸಿಯೇ ಇದ್ದರಲ್ಲ.

ಮುಂದಿನ ಭಾನುವಾರ ಆ ಸ್ಟೂಲಿನ ಮೇಲೆ ಕೂತೆ. ಸ್ಟೂಲು ಅವನ ಎತ್ತರಕ್ಕೆ ತಿರುಗಿಸಿಟ್ಟಿತ್ತು. ನನ್ನ ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ತಿರುಗಿಸಿ ಇಳಿಸಿಕೊಂಡೆ. ಮೊದಲ ಹಾಡಿಗೆ ಕೈ ನಡುಗಿತು, ಎರಡನೆಯದಕ್ಕೆ ಇಲ್ಲ. ಅವನು ಚರ್ಚಿಗೆ ಬರುವುದನ್ನು ಬಿಟ್ಟ, ಆಮೇಲೆ ಊರನ್ನೂ ಬಿಟ್ಟ. ಅವನನ್ನು ಯಾರೂ ಹೊರಗೆ ಹಾಕಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ನಿಜವೇ, ಯಾರೂ ಹಾಕಲಿಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ಕೂತ, ಅಷ್ಟೇ. ಆ ಇನ್ನೊಬ್ಬ ನಾನು.

ಅಹಿಂಸೆ ಅಂದರೆ ಉಪವಾಸ, ಮೆರವಣಿಗೆ, ಜೈಲು ಅಂತ ಅಂದುಕೊಂಡಿದ್ದೆ. ನಮ್ಮದೇ ಉತ್ತರ ಕನ್ನಡದ ಸಿದ್ದಾಪುರದ ಕಥೆ ಓದಿದ ಮೇಲೆ ಬೇರೆ ತರ ಅರ್ಥ ಆಯಿತು. 1932ರ ಕರನಿರಾಕರಣೆಯಲ್ಲಿ ಸರ್ಕಾರ ರೈತರ ಜಮೀನು, ಸಾಮಾನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಕೆಲವರು ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡರು. ಮಾವಿನಗುಂಡಿಯಲ್ಲಿ ಹಳ್ಳಿ ಹೆಂಗಸರು ಹೋಗಿ ಹಾಗೆ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಬ್ರಿಟಿಷರ ಕಚೇರಿ ಮುಂದಲ್ಲ, ಕೊಂಡ ನೆರೆಯವರ ಮನೆ ಮುಂದೆ! ಆ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು, ಕಿತ್ತುಕೊಂಡದ್ದನ್ನು ಕೊಳ್ಳುವವನು ಇಲ್ಲದಿದ್ದರೆ ಕಿತ್ತುಕೊಳ್ಳುವವನ ಕೈ ಅರ್ಧ ಕಟ್ಟಿಹೋಗುತ್ತದೆ ಅಂತ. ನಾನು ಆ ಭಾನುವಾರ ಹರಾಜಿನಲ್ಲಿ ಒಂದು ಸ್ಟೂಲು ಕೊಂಡಿದ್ದೆ. ನನ್ನ ಮನೆ ಮುಂದೆ ಯಾರೂ ಬಂದು ಕೂರಲಿಲ್ಲ.

ಒಮಾಹಾದ ಮಕ್ಕಳು ಮಾಡಿದ್ದೂ ಅದೇ ಜಾತಿಯ ಕೆಲಸ. ಅವರ ಹತ್ತಿರ ಓಟಿಲ್ಲ, ದುಡ್ಡಿಲ್ಲ, ಕಾನೂನು ಬದಲಿಸುವ ಸಭೆಗೆ ಹೋಗುವ ದಾರಿಯೂ ಇಲ್ಲ. ಇದ್ದದ್ದು ಒಂದೇ ಒಂದು ‘ಹೌದು’. ಅದನ್ನು ಕೊಡಲಿಲ್ಲ. ಅದಕ್ಕೆ ಬೆಲೆ ಬಂದದ್ದು ಯಾಕೆ ಅಂದರೆ ಅಲ್ಲಿ ಕಲಿಸಿದವರು ‘ಹೌದು’ ಅನ್ನೋದು ನಿಜವಾದ ಮಾತು, ‘ಇಲ್ಲ’ ಅನ್ನೋದಕ್ಕೂ ಜಾಗ ಇದೆ ಅಂತ ಒಪ್ಪಿದ್ದರು. ನನ್ನ ಪ್ರಕಾರ ಚರ್ಚಿನ ಯುವಜನರನ್ನು ಇಂಥ ಹೋರಾಟಕ್ಕೆ ತರುವ ಮೊದಲ ಹೆಜ್ಜೆ ಮೆರವಣಿಗೆಯಲ್ಲ, ಫಲಕ ಅಲ್ಲ. ಇಲ್ಲ ಅನ್ನಬಹುದಾದ ಒಂದು ದೃಢೀಕರಣದ ಕ್ಲಾಸು.

ಇಲ್ಲಿ ನಮ್ಮ ಕಷ್ಟ ಬೇರೆ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಅಮೆರಿಕದ ಮಕ್ಕಳನ್ನು ಹೊಗಳಿದ ಹಾಗೆ ಆಗುತ್ತೆ. ನಮ್ಮ ಕನ್ನಡ ಕ್ರೈಸ್ತ ಮನೆಗಳಿಗೆ ಚರ್ಚು ಅಂದರೆ ಭಾನುವಾರದ ಒಂದೂವರೆ ಗಂಟೆ ಅಲ್ಲ. ಕಾಲೇಜಿನ ಅಲ್ಪಸಂಖ್ಯಾತರ ಸೀಟಿಗೆ ಪಾದ್ರಿಯ ಪತ್ರ ಬೇಕು. ಮದುವೆಗೆ ಚರ್ಚು ಬೇಕು. ಸತ್ತರೆ ಹೂಳಲು ಸಮಾಧಿ ಜಾಗ ಬೇಕು, ಅದೂ ಚರ್ಚಿನದೇ. ಹದಿನಾಲ್ಕರ ಹುಡುಗಿ ಇಲ್ಲಿ ಎದ್ದು ನಿಂತು ಸೇರಲ್ಲ ಅಂದರೆ ಬಿಲ್ಲು ಬರುವುದು ಅವಳ ಅಪ್ಪ ಅಮ್ಮನಿಗೆ, ಅಜ್ಜಿಗೆ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಭಾಗವನ್ನು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಪೊಲೀಸರ ಭಯ ಕಡಿಮೆ ಆಯಿತು. ಕಮಿಟಿ ರೂಮಿನ ಭಯ ಹಾಗೇ ಇದೆ.

‘ಇದೆಲ್ಲ ಫಾರಿನ್ ರೋಗ’ ಅನ್ನುವ ಹಿರಿಯರೊಬ್ಬರು ನಮ್ಮ ಸಭೆಯಲ್ಲಿದ್ದಾರೆ. ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹೆಮ್ಮೆಯಿಂದ ಕಳಿಸಿದ್ದೂ ಅವರೇ. ಎರಡೂ ಒಂದೇ ಫೋನಿನಿಂದ ಬಂತು. ಇರಲಿ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಯುವಜನರನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆ ಅಡಗುವುದು ಸುಲಭ. ಅದಕ್ಕಿಂತ ಕೆಟ್ಟದ್ದು, ಯಾವನೋ ಒಬ್ಬ ಹುಡುಗನನ್ನು ಮೈಕ್ ಮುಂದೆ ನಿಲ್ಲಿಸಿ ‘ನಿನ್ನ ಸಾಕ್ಷಿ ಹೇಳು’ ಅನ್ನೋದು. ನಮ್ಮ ಚರ್ಚುಗಳಿಗೆ ಸಾಕ್ಷಿ ಕೇಳುವ ಚಟ ಜಾಸ್ತಿ. ಗೇ ಹುಡುಗನ ಗುಟ್ಟು ಅವನದು. ಹೋರಾಟಕ್ಕೆ ಒಳ್ಳೆಯದಾಗುತ್ತೆ ಅಂತ ಅದನ್ನು ಖರ್ಚು ಮಾಡುವ ಹಕ್ಕು ಬೇರೆ ಯಾರಿಗೂ ಇಲ್ಲ. ಒಮಾಹಾದಲ್ಲಿ ನನಗೆ ತುಂಬಾ ಇಷ್ಟ ಆದದ್ದು ಇದೇ. ಎಂಟೂ ಜನ ಒಟ್ಟಿಗೆ ನಿಂತರು. ಅವರಲ್ಲಿ ಯಾರು ಏನು ಅಂತ ಯಾರೂ ಕೇಳುವ ಅಗತ್ಯ ಬರಲಿಲ್ಲ. ಒಬ್ಬನೇ ನಿಂತಿದ್ದರೆ ಎಲ್ಲರ ಕಣ್ಣೂ ಅವನ ಮೇಲೆ ಇರುತ್ತಿತ್ತು.

ಆ ಕಾನೂನಿನ ಕಥೆ ಏನಾಯಿತು ಅಂದರೆ, ಆ ಮಕ್ಕಳು ಪತ್ರ ಓದುವುದಕ್ಕೆ ಎರಡು ತಿಂಗಳ ಹಿಂದಷ್ಟೇ ಸೇಂಟ್ ಲೂಯಿಸ್‌ನಲ್ಲಿ ವಿಶೇಷ ಮಹಾಸಭೆ ಸೇರಿತ್ತು. ಅಲ್ಲಿ ನ್ಯೂಯಾರ್ಕಿನ ಜೆ.ಜೆ. ವಾರನ್ ಅನ್ನುವ ಕಾಲೇಜು ಹುಡುಗ, ಗೇ, ಪ್ರತಿನಿಧಿಯಾಗಿ ಬಂದವನು, ಯುವಜನರ ಪರವಾಗಿ ಗಂಟಲು ಕಟ್ಟುವ ಹಾಗೆ ಮಾತಾಡಿದ. ಜನ ಎದ್ದು ನಿಂತು ಕೂಗಿದರು. ಓಟು ಮಾತ್ರ 438ಕ್ಕೆ 384, ಕಾನೂನು ಇನ್ನೂ ಬಿಗಿ ಆಯಿತು. ಒಳ್ಳೆ ಭಾಷಣಕ್ಕೆ ಓಟು ಬೀಳುತ್ತೆ ಅಂತೇನಿಲ್ಲ. ಐದು ವರ್ಷ ಕಳೆಯಿತು. 2024ರ ಮೇ 1ರಂದು ಶಾರ್ಲಟ್ ನಗರದ ಮಹಾಸಭೆಯಲ್ಲಿ ದೀಕ್ಷೆಯ ಮೇಲಿನ ತಡೆ ಹೋಯಿತು, 692 ಓಟಿಗೆ 51. ಚರ್ಚೆ ಕೂಡ ಇಲ್ಲದೆ, ಬೇರೆ ಸಣ್ಣ ಪುಟ್ಟ ಠರಾವುಗಳ ಜೊತೆ. ಮಾರನೇ ದಿನ 1972ರ ಆ ಸಾಲೂ ಹೋಯಿತು.

ಇದನ್ನು ಬರೀ ಗೆಲುವು ಅಂತ ಹೇಳಿದರೆ ಅರ್ಧ ಸುಳ್ಳು. 2019ರಿಂದ 2023ರ ಹೊತ್ತಿಗೆ ಅಮೆರಿಕದ 7,600ಕ್ಕೂ ಹೆಚ್ಚು ಸಭೆಗಳು, ಸುಮಾರು ಕಾಲು ಭಾಗ, ಚರ್ಚು ಬಿಟ್ಟು ಹೋಗಿದ್ದವು. ಬೇಡ ಅಂದಿದ್ದವರಲ್ಲಿ ಬಹಳ ಜನ ಓಟಿನ ಹೊತ್ತಿಗೆ ಅಲ್ಲಿ ಇರಲೇ ಇಲ್ಲ. ಓಟಾದ ಆ ಮೇ ತಿಂಗಳ ಕೊನೆಗೆ ಆಫ್ರಿಕಾದ ಐವರಿ ಕೋಸ್ಟಿನ ದೊಡ್ಡ ಸಭೆಯೂ ಹೊರಟುಹೋಯಿತು. ಅಪ್ಪ ಅಮ್ಮ ಮದುವೆಯಾದ ಕಟ್ಟಡದ ಬೋರ್ಡು ಬದಲಾದಾಗ ಎರಡೂ ಕಡೆ ಅತ್ತವರಿದ್ದಾರೆ. ಅಹಿಂಸೆ ಅಂದ ಮಾತ್ರಕ್ಕೆ ಯಾರಿಗೂ ನೋವಾಗಲ್ಲ ಅಂತ ಅಲ್ಲ.

ಶಾರ್ಲಟ್‌ನ ಓಟಾಗಿ ಆರು ವಾರ ತುಂಬುವ ಮುಂಚೆಯೇ, ಜೂನ್ 9ರಂದು, ಜೇಮ್ಸ್ ಲಾಸನ್ ತೀರಿಕೊಂಡರು. 95 ವರ್ಷ ಆಗಿತ್ತು.

ಆ ಸುದ್ದಿ ಓದಿದ ರಾತ್ರಿ ನಾನು ಅವನಿಗೆ ಫೋನ್ ಮಾಡಿದೆ, ನಮ್ಮ ಕೀಬೋರ್ಡಿನವನಿಗೆ. ನಂಬರು ಹಲವು ವರ್ಷದಿಂದ ನನ್ನ ಹತ್ತಿರ ಇತ್ತು. ಈಗ ಬೆಂಗಳೂರಿನಲ್ಲಿದ್ದಾನೆ, ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾನೆ. ಹವಾಮಾನ, ಟ್ರಾಫಿಕ್, ಅವನ ಅಮ್ಮನ ಮಂಡಿ ನೋವು, ಎಲ್ಲ ಮಾತಾಡಿದೆವು. ಒಮಾಹಾದ ಮಕ್ಕಳ ಕಥೆ ಹೇಳಿದೆ. ‘ಓದಿದ್ದೆ’ ಅಂದ. ಆಮೇಲೆ ಆ ಭಾನುವಾರದ ವಿಷಯ ತೆಗೆದೆ. ನಾನು ಸ್ಟೂಲಿನ ಮೇಲೆ ಕೂತಿದ್ದು ಅವನಿಗೆ ಗೊತ್ತಿರಲ್ಲ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

‘ಗೊತ್ತು,’ ಅಂದ. ‘ಅಮ್ಮ ಅವತ್ತು ಚರ್ಚಿಗೆ ಬಂದಿದ್ದಳಲ್ಲ, ಮೂರನೇ ಬೆಂಚಿನಲ್ಲಿ. ಮನೆಗೆ ಬಂದು ಹೇಳಿದಳು. ಆ ಹಾಡು ಎ ಮೇಜರ್‌ನಲ್ಲಿ ಹಾಡೋದು ಕಣೋ. ನೀನು ಸಿ ಹಿಡ್ಕೊಂಡು ಕೂತಿದ್ದೆಯಂತೆ. ಎರಡನೇ ಚರಣದ ಹೊತ್ತಿಗೆ ಇಡೀ ಸಭೆಗೆ ಗಂಟಲು ಏರದೆ ಹಾಡೋದನ್ನೇ ಬಿಟ್ಟರಂತೆ.’

ಅವನು ನಗುತ್ತಿದ್ದ. ನಾನು ಯಾವ ಹಾಡು ಅಂತ ಕೇಳಿದೆ. ಮರೆತುಹೋಗಿತ್ತು ನನಗೆ. ಅವನು ಫೋನ್ ಬದಿಗಿಟ್ಟು, ಎ ಮೇಜರ್‌ನಲ್ಲಿ, ಮೊದಲ ಎರಡು ಸಾಲು ನುಡಿಸಿದ.